ಕ್ಯೂಸೆಕ್: ನದಿಯ ಹರಿವಿನ ಲೆಕ್ಕವನ್ನು ಓದುವ, ಬರೆಯುವ ಮತ್ತು ಅಳೆಯುವ ಕ್ರಮ

ಮುಂಗಾರು ಬಿರುಸಾದ ಕೂಡಲೇ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬರುವ ಪದಗಳಲ್ಲಿ ‘ಕ್ಯೂಸೆಕ್’ ಒಂದು. ಕೃಷ್ಣರಾಜಸಾಗರದ ಒಳಹರಿವು ಇಷ್ಟು ಸಾವಿರ ಕ್ಯೂಸೆಕ್, ಆಲಮಟ್ಟಿಯಿಂದ ಇಷ್ಟು ಲಕ್ಷ ಕ್ಯೂಸೆಕ್ ಬಿಡುಗಡೆ ಎಂದು ಓದುತ್ತೇವೆ. ಸಂಖ್ಯೆ ದೊಡ್ಡದಿದ್ದರೆ ಹೊಳೆ ತುಂಬಿದೆ, ಸಣ್ಣದಿದ್ದರೆ ಇಳಿದಿದೆ ಎಂದಷ್ಟೇ ತಿಳಿದುಕೊಂಡು ಪುಟ ಮಗುಚುತ್ತೇವೆ. ಜಿಲ್ಲಾ ವರದಿಗಳನ್ನು ತಿದ್ದುವ ಕೆಲಸದಲ್ಲಿ ಬಹಳ ವರ್ಷ ಕಳೆದಿರುವ ನನಗೆ, ಕಾವೇರಿಯ ವಿಷಯದಲ್ಲಿ ನಡೆಯುವ ವಾಗ್ವಾದಗಳ ದೊಡ್ಡ ಪಾಲು ಈ ಒಂದು ಪದವನ್ನು ಸರಿಯಾಗಿ ಹಿಡಿಯದಿರುವುದರಿಂದಲೇ ಹುಟ್ಟುತ್ತದೆ ಎಂದು ಅನ್ನಿಸಿದೆ. ಪದದ ಅರ್ಥ ಕಠಿಣವೇನಲ್ಲ. ನಾಲ್ಕೈದು ಗುಣಾಕಾರಗಳನ್ನು ಕೈವಶ ಮಾಡಿಕೊಂಡವರು ಜಲಾಶಯದ ದಿನದ ಮಾಹಿತಿಯನ್ನೂ ನ್ಯಾಯಾಲಯದ ಆದೇಶವನ್ನೂ ತಮ್ಮ ಗದ್ದೆಯ ಕಾಲುವೆಯನ್ನೂ ಒಂದೇ ಲೆಕ್ಕದಿಂದ ಓದಬಲ್ಲರು.

ಮೊದಲು ಪದವನ್ನು ಬಿಡಿಸಿ ನೋಡಿ

‘ಕ್ಯೂಬಿಕ್ ಫೀಟ್ ಪರ್ ಸೆಕೆಂಡ್’ ಎಂಬುದರ ಮೊಟಕು ರೂಪವೇ ಕ್ಯೂಸೆಕ್; ಕನ್ನಡದಲ್ಲಿ ಹೇಳುವುದಾದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಸುವ ನೀರು ಒಂದು ಘನ ಅಡಿ, ಅಂದರೆ 28.317 ಲೀಟರ್. ಮನೆಯ ದೊಡ್ಡ ಕೊಡಕ್ಕೆ 14 ಲೀಟರ್ ಹಿಡಿಸುತ್ತದೆ ಎಂದುಕೊಂಡರೆ ಇದು ಎರಡು ಕೊಡ ನೀರು. ಹೊಳೆಗೆ ಅಡ್ಡಲಾಗಿ ಒಂದು ಗೆರೆ ಎಳೆದಿದೆ ಎಂದು ಭಾವಿಸಿ, ಆ ಗೆರೆಯನ್ನು ಪ್ರತಿ ಸೆಕೆಂಡೂ ಎರಡು ಕೊಡ ನೀರು ದಾಟುತ್ತಿದ್ದರೆ ಅಲ್ಲಿನ ಹರಿವು ಒಂದು ಕ್ಯೂಸೆಕ್. ನಗರಗಳಲ್ಲಿ ಓಡಾಡುವ 12,000 ಲೀಟರಿನ ಟ್ಯಾಂಕರನ್ನು ಅದು ಏಳು ನಿಮಿಷದಲ್ಲಿ ತುಂಬಿಸುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಆರಂಭದಲ್ಲೇ ಬಿಡಬೇಕು. ಕ್ಯೂಸೆಕ್ ನೀರಿನ ವೇಗವಲ್ಲ. ಅರ್ಕಾವತಿಯನ್ನು ಸಂಗಮದಲ್ಲಿ ಕೂಡಿಸಿಕೊಂಡ ಕಾವೇರಿ ಮೇಕೆದಾಟುವಿನಲ್ಲಿ ಬಂಡೆಗಳ ನಡುವಿನ ಇಕ್ಕಟ್ಟಾದ ಕೊರಕಲಿನಲ್ಲಿ ಭೋರ್ಗರೆದು ನುಗ್ಗುತ್ತದೆ, ಅದನ್ನು ದಾಟಿದ ಮೇಲೆ ಪಾತ್ರ ಅಗಲವಾದಲ್ಲಿ ನಿಧಾನವಾಗುತ್ತದೆ. ವೇಗ ಬದಲಾದರೂ ನಡುವೆ ಬೇರೆ ಹೊಳೆ ಕೂಡದಿದ್ದರೆ ಎರಡೂ ಕಡೆ ಕ್ಯೂಸೆಕ್ ಒಂದೇ. ಏಕೆಂದರೆ ಇಕ್ಕಟ್ಟಿನಲ್ಲಿ ಕಡಿಮೆ ಅಗಲದ ನೀರು ಬೇಗ ಹೋಗುತ್ತದೆ, ಬಯಲಿನಲ್ಲಿ ಹೆಚ್ಚು ಅಗಲದ ನೀರು ಮೆಲ್ಲಗೆ ಹೋಗುತ್ತದೆ. ಆದ್ದರಿಂದ ‘10 ಸಾವಿರ ಕ್ಯೂಸೆಕ್ ವೇಗದಲ್ಲಿ’ ಎಂದು ಬರೆಯುವುದು ತಪ್ಪು. ಇದಕ್ಕಿಂತ ಮುಖ್ಯವಾದ ಎರಡನೆಯ ಮಾತೆಂದರೆ, ಕ್ಯೂಸೆಕ್ ನೀರಿನ ಮೊತ್ತವೂ ಅಲ್ಲ. ಅದು ಹರಿಯುತ್ತಿರುವ ದರ. ನಲ್ಲಿಯನ್ನು ಎಷ್ಟು ತಿರುಗಿಸಿದ್ದೀರಿ ಎಂಬುದನ್ನು ಅದು ಹೇಳುತ್ತದೆ, ಬಕೆಟ್ಟಿನಲ್ಲಿ ಎಷ್ಟು ತುಂಬಿತು ಎಂಬುದನ್ನು ಹೇಳುವುದಿಲ್ಲ.

ದೇಶ ಮೆಟ್ರಿಕ್ ಪದ್ಧತಿಗೆ ತೆರೆದುಕೊಂಡು ಏಳು ದಶಕಗಳಾಗುತ್ತ ಬಂದರೂ ಹೊಳೆಯ ಲೆಕ್ಕ ಅಡಿಯಲ್ಲೇ ಉಳಿದಿರುವುದಕ್ಕೆ ಕಾರಣವಿದೆ. ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವಿನ 1924ರ ಒಪ್ಪಂದ ಕೃಷ್ಣರಾಜಸಾಗರದ ಬಳಕೆಯೋಗ್ಯ ಸಂಗ್ರಹವನ್ನು 44,827 ದಶಲಕ್ಷ ಘನ ಅಡಿ ಎಂದು ನಮೂದಿಸಿತು. ಮುಂದಿನ ತೀರ್ಪುಗಳೂ ಆದೇಶಗಳೂ ಅದೇ ಮಾನದಲ್ಲಿ ಬಂದವು. ಹೀಗಾಗಿ ಕಾವೇರಿ ಕಣಿವೆಯ ಇಡೀ ದಾಖಲೆ ಘನ ಅಡಿಯಲ್ಲಿದೆ. ಕೇಂದ್ರ ಜಲ ಆಯೋಗದ ಪ್ರಕಟಣೆಗಳಲ್ಲಿ ‘ಕ್ಯೂಮೆಕ್’ ಕಂಡರೆ ಅದು ಸೆಕೆಂಡಿಗೆ ಒಂದು ಘನ ಮೀಟರ್ ಎಂದು ತಿಳಿದು 35.3ರಿಂದ ಗುಣಿಸಿದರೆ ಕ್ಯೂಸೆಕ್ ಸಿಗುತ್ತದೆ.

ಎರಡನೆಯ ಹೆಜ್ಜೆ: ‘ಎಷ್ಟು ಹೊತ್ತು?’ ಎಂದು ಕೇಳಿ

ಕ್ಯೂಸೆಕ್ ಎಂಬ ಪದ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ ಇದೊಂದೇ. ಹರಿವಿಗೆ ಕಾಲ ಸೇರಿದಾಗ ಮಾತ್ರ ಮೊತ್ತ ಹುಟ್ಟುತ್ತದೆ, ಆ ಮೊತ್ತವನ್ನು ನಾವು ಟಿಎಂಸಿಯಲ್ಲಿ ಹೇಳುತ್ತೇವೆ. ಟಿಎಂಸಿ ಎಂದರೆ ಸಾವಿರ ದಶಲಕ್ಷ ಘನ ಅಡಿ, ನಮ್ಮ ಎಣಿಕೆಯಲ್ಲಿ ನೂರು ಕೋಟಿ ಘನ ಅಡಿ; ಲೀಟರಿನಲ್ಲಿ ಸುಮಾರು 2,832 ಕೋಟಿ. ಪತ್ರಿಕೆಗಳು ‘ಟಿಎಂಸಿ ಅಡಿ’ ಎಂದು ಬರೆಯುವುದನ್ನು ಕೆಲವರು ದ್ವಿರುಕ್ತಿ ಎಂದು ಆಕ್ಷೇಪಿಸುತ್ತಾರೆ. ಅದು ದ್ವಿರುಕ್ತಿಯಲ್ಲ. ಮೂರು ಅಕ್ಷರಗಳಲ್ಲಿ ‘ಸಾವಿರ’, ‘ದಶಲಕ್ಷ’, ‘ಘನ’ ಎಂಬಷ್ಟೇ ಅಡಗಿವೆ, ‘ಅಡಿ’ ಹೊರಗೆ ಉಳಿದಿದೆ. ರೂಢಿಯಲ್ಲಿ ಬರೀ ‘ಟಿಎಂಸಿ’ ಎಂದರೂ ಎಲ್ಲರಿಗೂ ತಿಳಿಯುತ್ತದೆ.

ಒಂದು ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ 1,000 ಕ್ಯೂಸೆಕ್ ಹರಿವು ಇಡೀ ಒಂದು ದಿನ ಇದ್ದರೆ 8.64 ಕೋಟಿ ಘನ ಅಡಿ, ಅಂದರೆ 0.0864 ಟಿಎಂಸಿ ನೀರು ಹೋದಂತಾಯಿತು. ಈ ಒಂದು ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. 10 ಸಾವಿರ ಕ್ಯೂಸೆಕ್ ದಿನಕ್ಕೆ 0.864 ಟಿಎಂಸಿ, ಒಂದು ಲಕ್ಷ ಕ್ಯೂಸೆಕ್ ದಿನಕ್ಕೆ 8.64 ಟಿಎಂಸಿ. ತಿರುಗಿಸಿ ಹೇಳಿದರೆ, ದಿನಕ್ಕೆ ಒಂದು ಟಿಎಂಸಿ ಹರಿಯಬೇಕಾದರೆ ಸರಾಸರಿ 11,574 ಕ್ಯೂಸೆಕ್ ಬೇಕು.

ಕಾಲದ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ನೀರೇ ಒಳ್ಳೆಯ ಉದಾಹರಣೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದ ಯೋಜನೆಯ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಇದನ್ನು 86,400ರಿಂದಲೂ 28.317ರಿಂದಲೂ ಭಾಗಿಸಿದರೆ ಸಿಗುವುದು ಕೇವಲ 317 ಕ್ಯೂಸೆಕ್. ಇನ್ನೊಂದು ಕಡೆ, 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿಯಂತ್ರಣ ಸಮಿತಿ ತಮಿಳುನಾಡಿಗೆ 15 ದಿನಗಳ ಕಾಲ 5,000 ಕ್ಯೂಸೆಕ್ ಹರಿಸಲು ಕರ್ನಾಟಕಕ್ಕೆ ಸೂಚಿಸಿತು. ಸಂಖ್ಯೆಗಳನ್ನು ಮಾತ್ರ ನೋಡಿದರೆ 317 ಎಲ್ಲಿ, 5,000 ಎಲ್ಲಿ! ಆದರೆ 5,000 ಕ್ಯೂಸೆಕ್ 15 ದಿನಕ್ಕೆ 6.48 ಟಿಎಂಸಿಯಾದರೆ, 317 ಕ್ಯೂಸೆಕ್ 365 ದಿನವೂ ಹರಿದು ಸುಮಾರು 10 ಟಿಎಂಸಿಯಾಗುತ್ತದೆ. ಸಣ್ಣ ಹರಿವು ಬಿಡುವಿಲ್ಲದೆ ನಡೆದರೆ ದೊಡ್ಡ ಹರಿವನ್ನು ಮೀರಿಸುತ್ತದೆ. ಕುಡಿಯುವ ನೀರಿನ ಯೋಜನೆಗಳನ್ನು ಕ್ಯೂಸೆಕ್‌ನಲ್ಲಿ ನೋಡಿ ‘ಇದೇನು ಮಹಾ’ ಎನ್ನುವುದೂ, ನಾಲ್ಕು ದಿನದ ಬಿಡುಗಡೆಯ ಲಕ್ಷದ ಸಂಖ್ಯೆ ನೋಡಿ ಕಟ್ಟೆಯೇ ಬರಿದಾಯಿತು ಎನ್ನುವುದೂ ಒಂದೇ ತಪ್ಪಿನ ಎರಡು ರೂಪಗಳು.

ಮೂರನೆಯ ಹೆಜ್ಜೆ: ಕೂಡಿಸಬಹುದಾದದ್ದು, ಕೂಡಿಸಬಾರದ್ದು

ಒಂದೇ ಹೊತ್ತಿನಲ್ಲಿ ಬೇರೆ ಬೇರೆ ದಾರಿಯಲ್ಲಿ ಹೋಗುತ್ತಿರುವ ಹರಿವುಗಳನ್ನು ಕೂಡಿಸಬಹುದು. ಅಣೆಕಟ್ಟೆಯಿಂದ ನದಿಗೆ 3,000 ಕ್ಯೂಸೆಕ್, ವಿಶ್ವೇಶ್ವರಯ್ಯ ನಾಲೆಗೆ 2,000 ಕ್ಯೂಸೆಕ್ ಹೋಗುತ್ತಿದ್ದರೆ ಆ ಕ್ಷಣದ ಒಟ್ಟು ಹೊರಹರಿವು 5,000 ಕ್ಯೂಸೆಕ್. ಇದು ಸರಿಯಾದ ಕೂಡಿಕೆ. ಆದರೆ ಒಂದು ದಿನದ ಹರಿವನ್ನು ಮರುದಿನದ ಹರಿವಿಗೆ ಕೂಡಿಸುವಂತಿಲ್ಲ. 5,000 ಕ್ಯೂಸೆಕ್‌ನಂತೆ 15 ದಿನ ಬಿಟ್ಟರೆ ‘ಒಟ್ಟು 75 ಸಾವಿರ ಕ್ಯೂಸೆಕ್’ ಬಿಟ್ಟಂತಾಗುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಮೂರು ಗಂಟೆ ಹೋದ ಬಸ್ಸಿನ ವೇಗ 120 ಎಂದು ಯಾರೂ ಹೇಳುವುದಿಲ್ಲವಲ್ಲ, ಇದೂ ಹಾಗೆಯೇ. ವರದಿ ತಿದ್ದುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದೇ ಒಂದು ‘ಒಟ್ಟು’ ನನ್ನ ಕಣ್ಣು ತಪ್ಪಿ ಅಚ್ಚಾಯಿತು. ಮರುದಿನ ಬೆಳಿಗ್ಗೆ ನಾಲೆಯ ಬಯಲಿನ ರೈತರೊಬ್ಬರು ದೂರವಾಣಿ ಮಾಡಿ, ‘ಸ್ವಾಮಿ, ಅಷ್ಟು ನೀರು ಬಿಟ್ಟಿದ್ರೆ ನಮ್ಮ ಗದ್ದೆಗೆ ಹೊಳೇನೇ ಬಂದಿರೋದು’ ಎಂದು ತಾಳ್ಮೆಯಿಂದ ಲೆಕ್ಕ ವಿವರಿಸಿದರು. ಆ ಪಾಠವನ್ನು ನಾನು ಇಂದಿಗೂ ಮರೆತಿಲ್ಲ. ದಿನಗಳನ್ನು ಕೂಡಿಸಲೇಬೇಕಾದರೆ ಎಂಜಿನಿಯರುಗಳು ಬಳಸುವ ‘ಕ್ಯೂಸೆಕ್-ದಿನ’ ಎಂಬ ಮಾನವಿದೆ: 75 ಸಾವಿರ ಕ್ಯೂಸೆಕ್-ದಿನ ಎಂಬುದು ಮೊತ್ತ, ಅದನ್ನು 0.0864ರ ಲೆಕ್ಕದಲ್ಲಿ ಟಿಎಂಸಿಗೆ ತರಬಹುದು.

ಇದೇ ಕಾರಣಕ್ಕೆ ಬರವಣಿಗೆಯಲ್ಲಿ ಕೆಲವು ಪ್ರಯೋಗಗಳನ್ನು ಕೈಬಿಡುವುದು ಒಳಿತು. ‘ಪ್ರತಿ ಸೆಕೆಂಡಿಗೆ 20 ಸಾವಿರ ಕ್ಯೂಸೆಕ್’ ಎಂಬಲ್ಲಿ ಸೆಕೆಂಡು ಎರಡು ಸಲ ಬಂದಿದೆ. ‘20 ಸಾವಿರ ಕ್ಯೂಸೆಕ್’ ಎಂದರೆ ಸಾಕು, ಬಿಡಿಸಿ ಹೇಳಬೇಕಿದ್ದರೆ ‘ಸೆಕೆಂಡಿಗೆ 20 ಸಾವಿರ ಘನ ಅಡಿ’ ಎನ್ನಬಹುದು. ‘ಜಲಾಶಯದಲ್ಲಿ 40 ಸಾವಿರ ಕ್ಯೂಸೆಕ್ ನೀರಿದೆ’ ಎಂಬುದು ಸಂಪೂರ್ಣ ತಪ್ಪು, ನಿಂತ ನೀರಿಗೆ ಕ್ಯೂಸೆಕ್ ಇರುವುದಿಲ್ಲ. ‘ದಿನಕ್ಕೆ 5,000 ಕ್ಯೂಸೆಕ್’ ಎಂಬ ಮಾತು ರೂಢಿಯಲ್ಲಿ ಎಷ್ಟು ಬೇರೂರಿದೆಯೆಂದರೆ ಅದನ್ನು ಕಿತ್ತುಹಾಕುವುದು ಕಷ್ಟ; ಆದರೂ ‘15 ದಿನಗಳ ಕಾಲ 5,000 ಕ್ಯೂಸೆಕ್ ಪ್ರಮಾಣದಲ್ಲಿ’ ಎಂದು ಬರೆದು, ಪಕ್ಕದಲ್ಲೇ ‘ಒಟ್ಟು 6.48 ಟಿಎಂಸಿ’ ಎಂದು ಸೇರಿಸಿದರೆ ಓದುಗರಿಗೆ ಯಾವ ಗೊಂದಲವೂ ಉಳಿಯುವುದಿಲ್ಲ. ಇಂಗ್ಲಿಷಿನ ಬಹುವಚನವನ್ನು ಹೊತ್ತು ತಂದ ‘ಕ್ಯೂಸೆಕ್ಸ್’ ಕನ್ನಡಕ್ಕೆ ಬೇಡ.

ನಾಲ್ಕನೆಯ ಹೆಜ್ಜೆ: ಜಲಾಶಯದ ದಿನದ ಮಾಹಿತಿಯನ್ನು ಓದುವುದು

ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು: ದಿನವೂ ಪ್ರಕಟವಾಗುವ ಈ ನಾಲ್ಕು ಅಂಕಿಗಳಲ್ಲಿ ಮೊದಲನೆಯದು ಎತ್ತರ, ಎರಡನೆಯದು ಮೊತ್ತ, ಕೊನೆಯ ಎರಡು ಹರಿವು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಒಟ್ಟು ಸಾಮರ್ಥ್ಯ 49.452 ಟಿಎಂಸಿ. ಒಂದು ದಿನ ಸಂಗ್ರಹ 40 ಟಿಎಂಸಿ, ಒಳಹರಿವು 25 ಸಾವಿರ ಕ್ಯೂಸೆಕ್, ಹೊರಹರಿವು 5 ಸಾವಿರ ಕ್ಯೂಸೆಕ್ ಇದೆ ಎಂದು ಇಟ್ಟುಕೊಳ್ಳೋಣ. ನಿವ್ವಳವಾಗಿ ಉಳಿಯುವುದು 20 ಸಾವಿರ ಕ್ಯೂಸೆಕ್, ದಿನಕ್ಕೆ 1.728 ಟಿಎಂಸಿ. ಕಟ್ಟೆ ತುಂಬಲು ಇನ್ನು ಸುಮಾರು 9.45 ಟಿಎಂಸಿ ಬೇಕು. ಹರಿವು ಹೀಗೇ ಇದ್ದರೆ ಐದೂವರೆ ದಿನ. ಕೊಡಗಿನಲ್ಲಿ ಮಳೆ ಹಿಡಿದರೆ ಈ ಅಂದಾಜು ಎರಡೇ ದಿನಕ್ಕೆ ಇಳಿಯಬಹುದು, ಮಳೆ ಬಿಡುವು ಕೊಟ್ಟರೆ ಹದಿನೈದು ದಿನಕ್ಕೂ ಎಳೆಯಬಹುದು. ಆದ್ದರಿಂದ ಲೆಕ್ಕವನ್ನು ಪ್ರತಿದಿನ ಹೊಸದಾಗಿ ಮಾಡಬೇಕು.

ಮಟ್ಟದ ಅಡಿಯನ್ನು ಮಾತ್ರ ನೋಡಿ ಸಮಾಧಾನಪಡುವುದು ಸರಿಯಲ್ಲ. ಜಲಾಶಯ ಬೋಗುಣಿಯಂತಿರುತ್ತದೆ. ತಳದ ಬಳಿಯ ಒಂದು ಅಡಿಯಲ್ಲಿ ಸ್ವಲ್ಪವೇ ನೀರು ಹಿಡಿಸಿದರೆ, ನೀರು ಹರಡಿಕೊಂಡ ಮೇಲ್ಭಾಗದ ಒಂದು ಅಡಿಯಲ್ಲಿ ಒಂದು ಟಿಎಂಸಿಗೂ ಹೆಚ್ಚು ಹಿಡಿಸುತ್ತದೆ. ಹರಿವು ಅಷ್ಟೇ ಇದ್ದರೂ ಕಟ್ಟೆ ತುಂಬುತ್ತ ಬಂದಂತೆ ಮಟ್ಟ ಏರುವುದು ನಿಧಾನವಾಗುವುದು ಇದರಿಂದಲೇ. ಇನ್ನೊಂದು ಸಂಗತಿಯೂ ತಿಳಿದಿರಬೇಕು. ಒಳಹರಿವನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಸಂಗ್ರಹದಲ್ಲಿ ಆದ ವ್ಯತ್ಯಾಸಕ್ಕೆ ಹೊರಬಿಟ್ಟ ನೀರನ್ನು ಸೇರಿಸಿ ಹಿಂದಿನಿಂದ ಲೆಕ್ಕ ಹಾಕುತ್ತಾರೆ. ಮಟ್ಟವನ್ನು ಓದುವಾಗ ಗಾಳಿ ಅಲೆಗಳಿಂದ ಅರ್ಧ ಅಂಗುಲ ಹೆಚ್ಚುಕಡಿಮೆಯಾದರೂ ಒಳಹರಿವಿನ ಅಂಕಿ ಕದಲುತ್ತದೆ. ಬೆಳಿಗ್ಗೆಯ ಅಂಕಿಗೂ ಸಂಜೆಯದಕ್ಕೂ ಸಣ್ಣ ವ್ಯತ್ಯಾಸ ಕಂಡಾಗ ಅದರಲ್ಲಿ ಒಳಸಂಚು ಹುಡುಕಬೇಕಾಗಿಲ್ಲ.

ಅವಘಡದ ಹೊತ್ತಿನಲ್ಲಿ ಈ ಲೆಕ್ಕ ಎಷ್ಟು ಬೇಗ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ತುಂಗಭದ್ರೆಯಲ್ಲಿ ಕಂಡೆವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ಕಂಡಿಯಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗುತ್ತಿದೆ ಎಂಬ ಸುದ್ದಿ ಬಂತು. 35ನ್ನು 0.0864ರಿಂದ ಗುಣಿಸಿದರೆ ದಿನಕ್ಕೆ ಮೂರು ಟಿಎಂಸಿ. 105.788 ಟಿಎಂಸಿಯ ಜಲಾಶಯ ತುಂಬಿ ನಿಂತಿದ್ದಾಗ ಇದು ರಾತ್ರೋರಾತ್ರಿ ಕಟ್ಟೆ ಬರಿದಾಗುವ ಗಂಡಾಂತರವಲ್ಲ, ಆದರೆ ದುರಸ್ತಿಗೆ ವಾರಗಳು ಹಿಡಿದರೆ ಎರಡನೆಯ ಬೆಳೆಯ ನೀರು ಹೋಗಿಬಿಡುವ ಗಂಡಾಂತರ. ಗುಣಾಕಾರ ಮಾಡಿದವರಿಗೆ ಭಯಪಡಬೇಕಾದದ್ದು ಯಾವುದಕ್ಕೆ ಎಂಬುದು ತಿಳಿದಿತ್ತು.

ಐದನೆಯ ಹೆಜ್ಜೆ: ಆದೇಶಗಳಲ್ಲಿ ಹರಿವು, ಅವಧಿ, ಸ್ಥಳ ಮೂರನ್ನೂ ಹುಡುಕಿ

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಕರ್ನಾಟಕವು ತಮಿಳುನಾಡಿಗೆ 10 ದಿನ 15 ಸಾವಿರ ಕ್ಯೂಸೆಕ್ ಬಿಡಬೇಕೆಂದಿತು. ಲೆಕ್ಕ ಹಾಕಿದರೆ ಅದು 12.96 ಟಿಎಂಸಿ, ತುಂಬಿದ ಕೃಷ್ಣರಾಜಸಾಗರದ ಕಾಲುಭಾಗಕ್ಕೂ ಹೆಚ್ಚು. ಮಳೆ ಕೈಕೊಟ್ಟ ವರ್ಷದಲ್ಲಿ ಮಂಡ್ಯದ ಬಯಲು ಏಕೆ ಹೊತ್ತಿಕೊಂಡಿತೆಂಬುದು ಈ ಭಿನ್ನರಾಶಿಯಲ್ಲೇ ಇದೆ. 12ರಂದು ಆ ಪ್ರಮಾಣವನ್ನು 12 ಸಾವಿರಕ್ಕೆ ಇಳಿಸಿ ಅವಧಿಯನ್ನು 20ರವರೆಗೆ ಹಿಗ್ಗಿಸಲಾಯಿತು. ದರ ಇಳಿದದ್ದನ್ನು ಮಾತ್ರ ನೋಡಿದವರು ಸಮಾಧಾನಪಟ್ಟರು, ಅವಧಿಯನ್ನೂ ನೋಡಿದವರು ಪಡಲಿಲ್ಲ.

ತಿಂಗಳ ಪಾಲನ್ನು ಹರಿವಿಗೆ ಇಳಿಸುವುದೂ ಇಷ್ಟೇ ಸುಲಭ. ಸುಪ್ರೀಂ ಕೋರ್ಟಿನ 2018ರ ಫೆಬ್ರುವರಿ 16ರ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ ಎರಡೂ ರಾಜ್ಯಗಳ ಗಡಿಯಲ್ಲಿರುವ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದದ್ದು 177.25 ಟಿಎಂಸಿ. ಅದರಲ್ಲಿ ಆಗಸ್ಟ್ ತಿಂಗಳ ಪಾಲು 45.95 ಟಿಎಂಸಿ, 31 ದಿನಗಳಿಗೆ ಹಂಚಿದರೆ ಸರಾಸರಿ 17,156 ಕ್ಯೂಸೆಕ್. ಜೂನಿನ 9.19 ಟಿಎಂಸಿಗೆ ಸುಮಾರು 3,545 ಕ್ಯೂಸೆಕ್ ಸಾಕು. ಫೆಬ್ರುವರಿಯ 2.5 ಟಿಎಂಸಿಗೆ ಸಾವಿರ ಕ್ಯೂಸೆಕ್‌ಗಿಂತ ತುಸು ಹೆಚ್ಚು. ಆಗಸ್ಟಿನಲ್ಲಿ ‘10 ಸಾವಿರ ಕ್ಯೂಸೆಕ್ ಹರಿಯುತ್ತಿದೆ’ ಎಂಬ ಸುದ್ದಿ ಓದಿದಾಗ ಅದು ಪಾಲಿಗಿಂತ ಕಡಿಮೆಯೋ ಹೆಚ್ಚೋ ಎಂಬುದನ್ನು ಈ ಸರಾಸರಿಯ ಪಕ್ಕದಲ್ಲಿಟ್ಟು ನೋಡಬೇಕು.

ಸ್ಥಳದ ಮಾತನ್ನು ಬಹುಮಂದಿ ಮರೆಯುತ್ತಾರೆ. ಕೃಷ್ಣರಾಜಸಾಗರದಿಂದ ಬಿಟ್ಟದ್ದೂ ಬಿಳಿಗುಂಡ್ಲುವಿನಲ್ಲಿ ಅಳೆದದ್ದೂ ಒಂದೇ ಅಂಕಿಯಾಗಿರಬೇಕಿಲ್ಲ. ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಬಂದು ಸೇರುತ್ತದೆ, ಮುಂದೆ ಶಿಂಷಾ, ಅರ್ಕಾವತಿ ಸೇರುತ್ತವೆ. ನಡುವೆ ನಾಲೆಗಳೂ ಕುಡಿಯುವ ನೀರಿನ ಪಂಪುಗಳೂ ಎತ್ತಿಕೊಳ್ಳುತ್ತವೆ. ಇಂದು ಬಿಟ್ಟ ನೀರು ಇಂದೇ ಅಲ್ಲಿಗೆ ತಲುಪುವುದೂ ಇಲ್ಲ. ಬಿಳಿಗುಂಡ್ಲುವಿನ ಮಾಪನ ಕೇಂದ್ರ ಕೇಂದ್ರ ಜಲ ಆಯೋಗದ್ದು. ಅಲ್ಲಿ ನದಿಯ ಅಡ್ಡ ಸೀಳನ್ನು ಪಟ್ಟೆಪಟ್ಟೆಯಾಗಿ ವಿಂಗಡಿಸಿ, ಪ್ರತಿ ಪಟ್ಟೆಯ ಆಳವನ್ನೂ ವೇಗವನ್ನೂ ಅಳೆದು, ಗುಣಿಸಿ ಕೂಡಿಸುವುದು ಮೂಲ ಪದ್ಧತಿ. ಹೀಗೆ ಹಲವು ಸಲ ಅಳೆದ ಮೇಲೆ ‘ಇಷ್ಟು ಮಟ್ಟಕ್ಕೆ ಇಷ್ಟು ಹರಿವು’ ಎಂಬ ನಕ್ಷೆ ಸಿದ್ಧವಾಗುತ್ತದೆ, ಆಮೇಲೆ ಮಟ್ಟ ಓದಿದರೆ ಹರಿವು ತಿಳಿಯುತ್ತದೆ. ನೆರೆ ಬಂದು ಮರಳು ಸರಿದರೆ ಪಾತ್ರದ ಆಕಾರ ಬದಲಾಗುವುದರಿಂದ ನಕ್ಷೆಯನ್ನು ಮತ್ತೆ ತಿದ್ದಬೇಕಾಗುತ್ತದೆ.

ನಿಮ್ಮ ಕಾಲುವೆಯನ್ನು ನೀವೇ ಅಳೆಯುವುದು

ಈ ಮೂಲ ಪದ್ಧತಿಯನ್ನು ಟೇಪು, ಕೋಲು, ಗಡಿಯಾರ ಮತ್ತು ಒಂದು ನಿಂಬೆಹಣ್ಣಿನಿಂದ ಯಾರು ಬೇಕಾದರೂ ಮಾಡಬಹುದು. ಎಲ್ಲವನ್ನೂ ಅಡಿಯಲ್ಲೇ ಅಳೆಯಿರಿ, ಉತ್ತರ ನೇರವಾಗಿ ಕ್ಯೂಸೆಕ್‌ನಲ್ಲಿ ಬರುತ್ತದೆ.

ಕಾಲುವೆ ನೇರವಾಗಿರುವ, ಜೊಂಡು ಬೆಳೆಯದ ಜಾಗದಲ್ಲಿ 30 ಅಡಿ ಅಂತರಕ್ಕೆ ಎರಡು ಗೂಟ ನೆಡಿ. ಅಗಲ 4 ಅಡಿ ಇದೆ ಎನ್ನಿ. ದಡದಿಂದ ಅರ್ಧ ಅಡಿಗೆ ಒಂದು, ಅಲ್ಲಿಂದ ಒಂದೊಂದು ಅಡಿಗೆ ಮೂರು, ಹೀಗೆ ನಾಲ್ಕು ಕಡೆ ಕೋಲು ಇಳಿಸಿ ಆಳ ನೋಡಿ. ಕೋಲು ಕೆಸರಿನೊಳಗೆ ಇಳಿಯದಂತೆ ತುದಿಗೆ ಒಂದು ಬಿಲ್ಲೆ ಕಟ್ಟಿಕೊಳ್ಳಿ. ಆಳ 1.2, 1.7, 1.7, 1.4 ಅಡಿ ಬಂದರೆ ಸರಾಸರಿ 1.5. ಅಗಲದಿಂದ ಗುಣಿಸಿದರೆ ನೀರಿನ ಅಡ್ಡ ಸೀಳು 6 ಚದರ ಅಡಿ. ಇನ್ನು ನಿಂಬೆಹಣ್ಣನ್ನು ಮೇಲಿನ ಗೂಟಕ್ಕಿಂತ ಸ್ವಲ್ಪ ಹಿಂದೆಯೇ ನಡುನೀರಿಗೆ ಬಿಡಿ. ಅದು ಬಹುಪಾಲು ಮುಳುಗಿ ತೇಲುವುದರಿಂದ ಗಾಳಿಗೆ ಸಿಕ್ಕುವುದಿಲ್ಲ, ತೆಂಗಿನ ಚಿಪ್ಪಿಗಿಂತ ಇದು ಮೇಲು. ಮೊದಲ ಗೂಟದಿಂದ ಎರಡನೆಯದಕ್ಕೆ ಹೋಗುವ ಹೊತ್ತನ್ನು ಮೂರು ಸಲ ನೋಡಿ: 25, 27, 26 ಸೆಕೆಂಡು ಬಂದರೆ ಸರಾಸರಿ 26. 30ನ್ನು 26ರಿಂದ ಭಾಗಿಸಿದರೆ ಮೇಲ್ಮೈ ವೇಗ ಸೆಕೆಂಡಿಗೆ 1.15 ಅಡಿ. ತಳ ಮತ್ತು ದಡಗಳ ತಿಕ್ಕಾಟದಿಂದ ಒಳಗಿನ ನೀರು ಇದಕ್ಕಿಂತ ನಿಧಾನವಾಗಿರುತ್ತದೆ, ಆದ್ದರಿಂದ 0.85ರಿಂದ ಗುಣಿಸಿ 0.98 ಎಂದು ಇಟ್ಟುಕೊಳ್ಳಿ. 6 ಚದರ ಅಡಿಯನ್ನು 0.98ರಿಂದ ಗುಣಿಸಿದರೆ ಹರಿವು 5.9 ಕ್ಯೂಸೆಕ್. ಈ ವಿಧಾನದಲ್ಲಿ ಹತ್ತಕ್ಕೆ ಒಂದರಷ್ಟು ತಪ್ಪು ಬರುವುದು ಸಹಜ. ಇನ್ನೂ ಸಣ್ಣ ಹರಿವಿದ್ದರೆ 90 ಡಿಗ್ರಿ ಕೋನದ ಕಚ್ಚು ಕತ್ತರಿಸಿದ ಹಲಗೆಯನ್ನು ಅಡ್ಡಲಾಗಿ ನಿಲ್ಲಿಸಬಹುದು. ಹಲಗೆಯಿಂದ ತುಸು ಹಿಂದೆ, ನೀರು ಬಾಗುವ ಮೊದಲು ಅಳೆದಾಗ ಕಚ್ಚಿನ ತುದಿಯಿಂದ ನೀರಿನ ಎತ್ತರ 21 ಸೆಂಟಿಮೀಟರ್ ಇದ್ದರೆ ಹರಿವು ಹೆಚ್ಚುಕಡಿಮೆ ಒಂದು ಕ್ಯೂಸೆಕ್.

ಈ ಸಂಖ್ಯೆ ಗದ್ದೆಗೆ ಏನು ಹೇಳುತ್ತದೆ? ಒಂದು ಎಕರೆಗೆ 43,560 ಚದರ ಅಡಿ. ಒಂದು ಕ್ಯೂಸೆಕ್ ಒಂದು ಗಂಟೆ ಹರಿದರೆ 3,600 ಘನ ಅಡಿ, ಅದು ಒಂದು ಎಕರೆಯ ಮೇಲೆ ಸರಿಸುಮಾರು ಒಂದು ಅಂಗುಲ ನಿಲ್ಲುತ್ತದೆ. ನಾನು ಕಂಡ ಒಬ್ಬ ಹಳೆಯ ನೀರುಗಂಟಿಗೆ ಕ್ಯೂಸೆಕ್ ಪದ ಗೊತ್ತಿರಲಿಲ್ಲ, ತೂಬಿನ ಕಲ್ಲಿನ ಮೇಲೆ ಬೆರಳಿಟ್ಟು ‘ನಾಲ್ಕು ಬೆರಳು ನೀರು, ಈ ತಾಕಿಗೆ ಇಷ್ಟು ಹೊತ್ತು’ ಎನ್ನುತ್ತಿದ್ದರು. ಮಟ್ಟದಿಂದ ಹರಿವು, ಹರಿವಿನಿಂದ ಹೊತ್ತು ಎಂಬ ಬಿಳಿಗುಂಡ್ಲುವಿನ ನಕ್ಷೆಯೇ ಅವರ ಬೆರಳಿನಲ್ಲಿತ್ತು. ಮೇಲಿನ 5.9 ಕ್ಯೂಸೆಕ್ ಪೂರ್ತಿಯಾಗಿ ನಿಮ್ಮ ಕಡೆಗೆ ತಿರುಗಿದರೆ ಒಂದು ಎಕರೆಗೆ ಎರಡು ಅಂಗುಲ ನೀರು ನಿಲ್ಲಿಸಲು 20 ನಿಮಿಷ ಸಾಕು. ಒಣಗಿ ಬಿರುಕುಬಿಟ್ಟ ಮಣ್ಣಾದರೆ ಇಂಗುವ ನೀರಿಗಾಗಿ ಇನ್ನಷ್ಟು ಹೊತ್ತು ಸೇರಿಸಬೇಕು. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಡುವ ದಿನಗಳಲ್ಲಿ ಪ್ರತಿ ಸರದಿಗೂ ತಾರೀಕು, ಕಾಲುವೆಯ ಆಳ, ನಿಂಬೆಹಣ್ಣು ಹೋದ ಸೆಕೆಂಡು, ಗದ್ದೆ ತುಂಬಿದ ಹೊತ್ತು ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಸರದಿಯಲ್ಲಿ ಕೊನೆಯ ಬಯಲಿಗೆ ಎಷ್ಟು ನೀರು ಮುಟ್ಟಿತು, ಎಷ್ಟು ಮುಟ್ಟಲಿಲ್ಲ ಎಂಬುದನ್ನು ಎಂಜಿನಿಯರ ಮುಂದೆ ಅವರದೇ ಮಾನದಲ್ಲಿ ಹೇಳಬಹುದು.